ಒಂದು ಕಳೆದಿದೆ

ಲ್ಯಾಬಿನಲ್ಲಿ ನನ್ನನ್ನು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ನಲವತ್ತೈದು ಎನ್ನುತ್ತಾರೆ. ಅದು ನನ್ನ ವಯಸ್ಸಲ್ಲ, ಆ ವಯಸ್ಸು ದಾಟಿ ಒಂಬತ್ತು ವರ್ಷವಾಯಿತು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅಂಟಿಕೊಂಡ ಹೆಸರು ಅದು. ಮೂವತ್ತೆರಡು ವರ್ಷ ಅದನ್ನು ತಮಾಷೆ ಅಂದುಕೊಂಡೇ ಹೊತ್ತು ತಿರುಗಿದೆ.

ನಮ್ಮದು ವರ್ಣತಂತುಗಳನ್ನು ಎಣಿಸುವ ಲ್ಯಾಬು. ಮನುಷ್ಯನ ಒಂದೊಂದು ಜೀವಕೋಶದಲ್ಲೂ ನಲವತ್ತಾರು ವರ್ಣತಂತುಗಳಿರಬೇಕು. ಇಪ್ಪತ್ತಮೂರು ಜೋಡಿ, ಪ್ರತಿ ಜೋಡಿಯಲ್ಲೂ ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ ಬಂದದ್ದು. ರಕ್ತವನ್ನು ಮೂರು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತೇವೆ. ಕೋಶಗಳು ಒಂದು ಎರಡಾಗಲು ಹೊರಟ ಗಳಿಗೆಯಲ್ಲಿ ಔಷಧಿ ಹಾಕಿ ತಡೆಯುತ್ತೇವೆ, ತೀರಾ ಸಪ್ಪೆ ಉಪ್ಪುನೀರಿನಲ್ಲಿ ಉಬ್ಬಿಸುತ್ತೇವೆ, ಮೆಥನಾಲ್ ಹಾಕಿ ಗಟ್ಟಿ ಮಾಡುತ್ತೇವೆ, ಕೊನೆಗೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬೀಳಿಸುತ್ತೇವೆ. ಕೈಚಳಕವೆಲ್ಲ ಇರುವುದು ಆ ಬೀಳಿಸುವುದರಲ್ಲೇ. ತೀರಾ ತಗ್ಗಿನಿಂದ ಬಿಟ್ಟರೆ ಎಲ್ಲವೂ ಒಂದರ ಮೇಲೊಂದು ಬಿದ್ದು ಎಣಿಸಲಾಗುವುದಿಲ್ಲ. ತೀರಾ ಎತ್ತರದಿಂದ ಬಿಟ್ಟರೆ ಚೆಲ್ಲಾಪಿಲ್ಲಿಯಾಗಿ ಒಂದೆರಡು ದಿಕ್ಕುತಪ್ಪಿ ಹೋಗುತ್ತವೆ.

ಹೊಸಬರು ಕೆಲಸ ಕಲಿಯುವುದು ತಮ್ಮದೇ ರಕ್ತದಲ್ಲಿ. ನಾನೂ ಹಾಗೇ ಕಲಿತೆ. ಆಗ ಕಂಪ್ಯೂಟರ್ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಒಂದೊಂದೇ ವರ್ಣತಂತುವನ್ನು ಕತ್ತರಿಯಲ್ಲಿ ಕತ್ತರಿಸಿ, ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಹಾಳೆಯ ಮೇಲೆ ಅಂಟಿಸಬೇಕು. ಐದು ಕೋಶ ನೋಡಿದೆ, ಐದರಲ್ಲೂ ನಲವತ್ತೈದು. ಒಂದನ್ನು ಕತ್ತರಿಸಿ ಅಂಟಿಸಿ, ನಮ್ಮ ಹಿರಿಯರ ಮೇಜಿನ ಮೇಲಿಟ್ಟೆ. ಅವರನ್ನು ನಾವು ಭೂತಗನ್ನಡಿ ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ಅವರ ಕಣ್ಣಿಗೆ ಬೇರೆಯವರ ತಪ್ಪು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು.

"ಏನಮ್ಮ, ಮಹಡಿ ಮೇಲಿಂದ ಹನಿ ಬಿಟ್ಯಾ?" ಅಂದರು. ಕೆಂಪು ಪೆನ್ನು ತೆಗೆದು ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: ಒಂದು ಕಳೆದಿದೆ. ಕೈ ತಗ್ಗಿಸಿ.

ಮರುವಾರ ಭೂತಗನ್ನಡಿ ತಮ್ಮದೇ ರಕ್ತ ಕೊಟ್ಟು ಮಾಡಲು ಹೇಳಿದರು. ಕೈ ತಗ್ಗಿಸಿ ಮಾಡಿದೆ. ಇಪ್ಪತ್ತು ಕೋಶ ಎಣಿಸಿದೆ, ಇಪ್ಪತ್ತರಲ್ಲೂ ನಲವತ್ತಾರು. "ನೋಡಿದ್ಯಾ, ಕೈ ಕೂತ್ಕೊಳ್ತು" ಎಂದು ಬೆನ್ನು ತಟ್ಟಿದರು. ನನ್ನ ಹಾಳೆ ಗೋಡೆಯ ಬೋರ್ಡಿಗೆ ಹೋಯಿತು, ಹೀಗೆ ಮಾಡಬಾರದು ಎನ್ನುವುದಕ್ಕೆ ಮಾದರಿಯಾಗಿ. ಅವರು ನಿವೃತ್ತರಾದ ಮೇಲೆ ಅದು ನನ್ನ ಡ್ರಾಯರಿಗೆ ಬಂತು. ಪ್ರತಿ ವರ್ಷ ಹೊಸಬರ ಮುಂದೆ ಹಿಡಿದು "ಇದರಲ್ಲೇನು ತಪ್ಪು?" ಎಂದು ಕೇಳುತ್ತಿದ್ದೆ. ಎಲ್ಲರೂ ಎಣಿಸಿ "ಒಂದು ಕಳೆದಿದೆ ಮೇಡಂ" ಎನ್ನುತ್ತಿದ್ದರು. "ಯಾವ ದಡ್ಡಿ ಮಾಡಿದ್ದು ಗೊತ್ತಾ? ನಾನೇ" ಎಂದು ನಗಿಸುತ್ತಿದ್ದೆ.

ಇನ್ನು ಮನೆಯ ಸಂಗತಿ. ನನ್ನ ತಮ್ಮ ನನಗಿಂತ ಹದಿಮೂರು ವರ್ಷ ಚಿಕ್ಕವನು, ಲಿಫ್ಟು ರಿಪೇರಿ ಮಾಡುತ್ತಾನೆ. ಅವನ ಹೆಂಡತಿ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ನಾನು ಅವಳನ್ನು ಟೈಲರಮ್ಮ ಎನ್ನುತ್ತೇನೆ, ಅವಳು ನನ್ನನ್ನು ಅತ್ತಿಗೆ ಎನ್ನುತ್ತಾಳೆ. ಅಮ್ಮ ಅವರ ಜೊತೆಗಿದ್ದಾಳೆ. ನಾಲ್ಕು ವರ್ಷದಲ್ಲಿ ಟೈಲರಮ್ಮನಿಗೆ ಮೂರು ಸಲ ಬಸಿರು ನಿಂತು, ಮೂರು ಸಲವೂ ಎರಡನೇ ಮೂರನೇ ತಿಂಗಳಿಗೇ ಹೋಯಿತು. ಡಾಕ್ಟರು ಇಬ್ಬರ ವರ್ಣತಂತುಗಳನ್ನೂ ನೋಡಿಸಿ ಎಂದು ಬರೆದುಕೊಟ್ಟರು. ಅವಳು ಮಾತ್ರ ಬಂದು ರಕ್ತ ಕೊಟ್ಟಳು. ನಲವತ್ತಾರು ಬಂತು, ಒಂದೂ ಕೊಂಕಿಲ್ಲ.

"ಇವಳದ್ದು ಸರಿ ಇದೆ ಅಂತ ಬಂದ್ರೆ ನಿಮ್ಮ ಲ್ಯಾಬೇ ಸರಿ ಇಲ್ಲ" ಅಂದಳು ಅಮ್ಮ.

ಅಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಒಂದು ದಿನ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ, ಸೊಸೆ ಪಕ್ಕದ ಕೋಣೆಯಲ್ಲಿದ್ದಾಳೆ ಎನ್ನುವುದನ್ನೂ ಲೆಕ್ಕಿಸದೆ, "ಸೋರೋ ಕೊಡ ಕಣೆ, ಏನೂ ನಿಲ್ಲಲ್ಲ" ಎಂದುಬಿಟ್ಟಳು. ಹೊಲಿಗೆ ಯಂತ್ರದ ಸದ್ದು ಅಲ್ಲಿಗೆ ನಿಂತಿತು. ಟೈಲರಮ್ಮ ಅತ್ತು ಕರೆದು ಮಾಡಲಿಲ್ಲ. ಒಪ್ಪಿಕೊಂಡಿದ್ದ ಸಮವಸ್ತ್ರಗಳನ್ನು ಹದಿನೈದು ದಿನದಲ್ಲಿ ಮುಗಿಸಿ ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಅದು ನನಗೂ ಗೊತ್ತಿತ್ತು, ನನ್ನ ತಮ್ಮನಿಗೂ ಗೊತ್ತಿತ್ತು.

ನಾನು ತಮ್ಮನನ್ನು ಹಿಡಿದು ನಿಲ್ಲಿಸಿಕೊಂಡೆ. "ರಕ್ತ ಕೊಡು."

"ನಂಗೇನಾಗಿದೆ ಅಕ್ಕ? ಗಟ್ಟಿಮುಟ್ಟಾಗಿದ್ದೀನಿ."

"ಕೆಟ್ಟ ಲಿಫ್ಟೂ ಹೊರಗಿಂದ ಥಳಥಳ ಅಂತಾನೇ ಇರತ್ತೆ. ನೀನ್ಯಾಕೆ ಬಾಗಿಲು ಬಿಚ್ಚಿ ನೋಡ್ತೀಯ?"

ಗೊಣಗುತ್ತ ಬಂದು ಕೊಟ್ಟ. ಹತ್ತಿರದವರ ಮಾದರಿಯನ್ನು ಒಬ್ಬರೇ ಎಣಿಸಬಾರದು ಎಂಬ ನಿಯಮ ನಮ್ಮಲ್ಲಿದೆ. ನಾನೊಮ್ಮೆ, ನನ್ನ ಸಹೋದ್ಯೋಗಿ ಒಮ್ಮೆ ಎಣಿಸುವುದೆಂದಾಯಿತು. ಹನಿಯನ್ನು ನಾನೇ ಬಿಟ್ಟೆ. ಮೊದಲ ಕೋಶ, ನಲವತ್ತೈದು. ನಗು ಬಂತು. ಇಷ್ಟು ವರ್ಷದ ಮೇಲೆ ಮತ್ತೆ ಕೈ ಮೇಲೆ ಹೋಯಿತೇ ಅಂದುಕೊಂಡೆ. ಎರಡನೆಯದರಲ್ಲೂ ನಲವತ್ತೈದು. ಐದನೆಯದಕ್ಕೆ ಬರುವಾಗ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಪರದೆಯ ಮೇಲೆ ಜೋಡಿ ಹಾಕಿದೆ. ಹದಿಮೂರನೆಯ ಜೋಡಿಯಲ್ಲಿ ಒಂದೇ ಇತ್ತು, ಹದಿನಾಲ್ಕನೆಯದರಲ್ಲೂ ಒಂದೇ. ಅವುಗಳ ಜೊತೆಗಾರರು ಎಲ್ಲೂ ಹೋಗಿರಲಿಲ್ಲ, ಕತ್ತಿಗೆ ಕತ್ತು ಅಂಟಿಸಿಕೊಂಡು ಒಂದು ಉದ್ದನೆಯ ವರ್ಣತಂತುವಾಗಿ ಕೂತಿದ್ದವು. ಹೀಗಾದರೆ ಮನುಷ್ಯನಿಗೆ ತೊಂದರೆಯೇನಿಲ್ಲ. ಸರಕೆಲ್ಲ ಇದೆ, ಕಟ್ಟಿರುವ ರೀತಿ ಬೇರೆ, ಅಷ್ಟೇ. ತೊಂದರೆ ಶುರುವಾಗುವುದು ಮಕ್ಕಳಿಗಾಗಿ ಅದನ್ನು ಅರ್ಧ ಮಾಡಬೇಕಾದಾಗ.

ಇಪ್ಪತ್ತು ಕೋಶ ಮುಗಿಸಿ ಡ್ರಾಯರ್ ಎಳೆದೆ. ಆ ಹಳೆಯ ಹಾಳೆ ತೆಗೆದೆ. ಮೂವತ್ತೆರಡು ವರ್ಷ ಊರಿಗೆಲ್ಲ ತೋರಿಸಿದ್ದ ಹಾಳೆಯನ್ನು ಅವತ್ತು ಮೊದಲ ಸಲ ನಾನು ನೋಡಿದೆ. ಗಿಡ್ಡವುಗಳ ಒಂದು ಸಾಲಿನಲ್ಲಿ, ಹದಿಮೂರರಿಂದ ಹದಿನೈದರವರೆಗಿನ ಮೂರು ಜೋಡಿಗೆ, ಆರು ಇರಬೇಕಾದ ಕಡೆ ನಾಲ್ಕೇ. ಮಧ್ಯಮ ಉದ್ದದವುಗಳ ಸಾಲಿನ ಕೊನೆಯಲ್ಲಿ ಒಂದು ಹೆಚ್ಚಿಗೆ, ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ. ಅದನ್ನು ಹಾಕಿದ್ದು ನಾನು. ಅದರ ಮೇಲೆ ಕೆಂಪು ಗೀಟು ಎಳೆದದ್ದು ಭೂತಗನ್ನಡಿ.

ನನಗೆ ಮಕ್ಕಳಿಲ್ಲ. ಎರಡು ಸಲ ಆಗಿ ಎರಡು ಸಲವೂ ಹೋಯಿತು. ಲ್ಯಾಬಿನ ಮೆಥನಾಲ್ ವಾಸನೆಯಿಂದ ಹೀಗಾಯಿತು, ಆ ಹಾಳು ಕೆಲಸ ಬಿಡು ಎಂದು ಅಮ್ಮ ಆಗ ಜೀವ ತಿಂದಿದ್ದಳು. ಕೆಲಸ ಬಿಡಲಿಲ್ಲ, ಆದರೆ ಅವಳ ಮಾತನ್ನು ನಂಬಿದೆ. ಇಪ್ಪತ್ತೈದು ವರ್ಷದಿಂದ ಆ ಸೀಸೆಯ ಮುಚ್ಚಳ ತೆಗೆದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತೇನೆ. ಇದೇ ಕಸುಬಿನವಳಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿರಬೇಕು. ನನ್ನದನ್ನು ಮತ್ತೆ ಎಣಿಸಲಿಲ್ಲ, ಹೆದರಿಕೆ. ಆ ಹೆದರಿಕೆಗೆ "ನನ್ನದು ಕೈತಪ್ಪು" ಎಂಬ ತಮಾಷೆ ಅನುಕೂಲವಾಗಿತ್ತು.

ಅವತ್ತೇ ಸಹೋದ್ಯೋಗಿಗೆ ತೋಳು ಚಾಚಿ, "ನಂದೂ ತಗೊಳ್ಳಿ" ಅಂದೆ. ಐದು ದಿನಕ್ಕೆ ಉತ್ತರ ಬಂತು. ನಲವತ್ತೈದು, ತಮ್ಮನದ್ದರ ಪಡಿಯಚ್ಚು. ನನ್ನ ಎರಡೂ ಹೋದದ್ದು ಇದರಿಂದಲೇ ಎಂದು ಈಗ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಬಹುಮಟ್ಟಿಗೆ ಇದೇ. ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ಅಚ್ಚುಮನೆಯಲ್ಲಿ ಕರಡು ತಿದ್ದುತ್ತಾರೆ, ತಪ್ಪು ಹುಡುಕುವುದೇ ನಮ್ಮಿಬ್ಬರ ಕಸುಬು. ಕನ್ನಡಕ ತೆಗೆದಿಟ್ಟರು. "ಹಾಗಾದ್ರೆ ಮೆಥನಾಲ್ ಅಲ್ಲ" ಅಂದರು. "ಅಲ್ಲ" ಅಂದೆ. ಆಮೇಲೆ ನನಗೆ ಅಳು ಬಂತು, ಅತ್ತೆ.

ತಮ್ಮ ಲ್ಯಾಬಿಗೆ ಬಂದು ವರದಿ ತೆಗೆದುಕೊಂಡ. ವಿವರಿಸಿದೆ. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಉಪಕರಣಗಳ ಚೀಲಕ್ಕೆ ತುರುಕಿದ.

"ಅಕ್ಕ, ಇಬ್ರದ್ದೂ ಸರಿ ಇದೆ ಅಂತ ಹೇಳಿಬಿಡು. ಅಮ್ಮಂಗೆ ಗೊತ್ತಾದ್ರೆ ಮುಖ ತೋರ್ಸೋಕಾಗಲ್ಲ."

"ನಿನ್ನ ಹೆಂಡತಿ ಇಷ್ಟು ದಿನ ಮುಖ ತೋರ್ಸಿಕೊಂಡೇ ಇದ್ದಾಳಲ್ಲ?"

ಅವನು ಚೀಲ ಹೆಗಲಿಗೇರಿಸಿಕೊಂಡ. ಅವನ ವರದಿಯನ್ನು ಅವನು ಹೇಳದೆ ನಾನು ಹೇಳುವಂತಿಲ್ಲ. ಹೆಂಡತಿಗೂ ಹೇಳುವಂತಿಲ್ಲ, ತಾಯಿಗೂ ಹೇಳುವಂತಿಲ್ಲ. ಅದು ನಮ್ಮ ಕೆಲಸದ ಮೊದಲ ಪಾಠ. ಸಿಟ್ಟಿನಲ್ಲಿ ಅವನ ಕಿವಿ ಹಿಂಡಬೇಕೆನಿಸಿತು. ನಲವತ್ತೊಂದು ವರ್ಷದವನ ಕಿವಿ ಹಿಂಡಿದರೆ ಚೆನ್ನಾಗಿರುವುದಿಲ್ಲ ಎಂದು ಬಿಟ್ಟೆ. ಆಮೇಲೆ ಹೊಳೆಯಿತು. ಅವನ ವರದಿ ಅವನದ್ದು, ಸರಿ. ಆದರೆ ನನ್ನ ಹಾಳೆ ನನ್ನದಲ್ಲವೇ?

ಹದಿನೈದನೆಯ ದಿನ ಮಧ್ಯಾಹ್ನ ಹೋದೆ. ಸಮವಸ್ತ್ರಗಳನ್ನು ಮಡಿಸಿ ಗೋಡೆಯ ಪಕ್ಕ ಪೇರಿಸಿಟ್ಟಿತ್ತು. ಟೈಲರಮ್ಮ ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ತಲೆಯಿಲ್ಲದ ಮೇಜು ಮಾತ್ರ ಕಿಟಕಿಯ ಕೆಳಗೆ ನಿಂತಿತ್ತು. ತಮ್ಮ ಸ್ಕ್ರೂಡ್ರೈವರ್ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದ, ಸಹಾಯ ಮಾಡುವಂತೆಯೂ ಇಲ್ಲ, ತಡೆಯುವಂತೆಯೂ ಇಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದಳು.

"ಹೋಗೋ ಮುಂಚೆ ಇದನ್ನೊಂದು ಚೂರು ನೋಡಮ್ಮ" ಎಂದು ಹಾಳೆಯನ್ನು ಮೇಜಿನ ಮೇಲಿಟ್ಟೆ. "ಇದರಲ್ಲೇನು ತಪ್ಪಿದೆ ಹೇಳು."

ಅವಳಿಗೆ ಬೇಕಿರಲಿಲ್ಲ. ಆದರೂ ಕತ್ತರಿಸಿ ಜೋಡಿಸಿದ್ದು ಎದುರಿಗೆ ಬಿದ್ದರೆ ಟೈಲರ್ ಕಣ್ಣು ಸುಮ್ಮನಿರುವುದಿಲ್ಲ. ಸಾಲುಗಳ ಕೆಳಗೆ ಬರೆದ ಜೋಡಿಗಳ ಅಂಕಿ ನೋಡುತ್ತ ಬೆರಳಾಡಿಸಿದಳು. ಕೆಂಪಕ್ಷರ ಓದಿದಳು. ಕೊರಳಲ್ಲಿ ತೂಗುತ್ತಿದ್ದ ಅಳತೆ ಟೇಪು ತೆಗೆದು ಪ್ರಶ್ನೆಚಿಹ್ನೆಯ ಪಕ್ಕದ ತುಂಡನ್ನು ಅಳೆದಳು, ಆಮೇಲೆ ಗಿಡ್ಡ ಸಾಲಿನ ಎರಡನ್ನು ಅಳೆದಳು.

"ಇದು ಯಾರು ಬರ್ದಿದ್ದು? ಏನೂ ಕಳೆದಿಲ್ಲ ಅತ್ತಿಗೆ. ಈ ಸಾಲಲ್ಲಿ ಎರಡು ಕಡಿಮೆ, ಈ ಸಾಲಲ್ಲಿ ಒಂದು ಜಾಸ್ತಿ. ಜಾಸ್ತಿ ಇರೋದು ಆ ಎರಡನ್ನ ಸೇರಿಸಿದಷ್ಟೇ ಉದ್ದ ಇದೆ. ಎರಡನ್ನ ಜೋಡಿಸಿ ಹೊಲಿದಿದ್ದಾರೆ."

ಮೂವತ್ತೆರಡು ವರ್ಷದಲ್ಲಿ ಎಷ್ಟು ಜನ ಡಿಗ್ರಿ ಹಿಡಿದವರು ಆ ಹಾಳೆ ನೋಡಿದ್ದರು! ನಾನೂ ಅವರಲ್ಲೊಬ್ಬಳು. ಇವಳಿಗೆ ಎರಡು ನಿಮಿಷ ಹಿಡಿಯಿತು.

"ಯಾರದ್ದಿದು?" ಅಂದಳು.

"ನಂದು."

ಅಮ್ಮ ಕುರ್ಚಿಯಿಂದ ಇತ್ತ ತಿರುಗಿದಳು. ನಾನು ಅಲ್ಲೇ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ತೆಗೆದುಕೊಂಡು ಮೇಜಿನ ಮೇಲೆ ಹರಡಿದೆ, ಎರಡು ನೀಲಿ, ಎರಡು ಬಿಳಿ. ಒಂದು ನೀಲಿಯನ್ನೂ ಒಂದು ಬಿಳಿಯನ್ನೂ ಗುಂಡುಸೂಜಿಯಿಂದ ಕೂಡಿಸಿದೆ.

"ನೋಡು, ಮೈಯ ಕೋಶ ಎರಡಾಗುವಾಗ ನಲವತ್ತಾರನ್ನೂ ನಕಲು ಮಾಡಿ ಎರಡಕ್ಕೂ ಪೂರ್ತಿ ಕೊಡತ್ತೆ. ಮಕ್ಕಳಿಗಾಗಿ ಇರೋ ಕೋಶ ಹಾಗಲ್ಲ. ಅಂಡಾಣು ಆಗ್ಲಿ, ವೀರ್ಯಾಣು ಆಗ್ಲಿ, ಅರ್ಧ ಮಾತ್ರ ಹೊತ್ಕೊಂಡು ಹೋಗ್ಬೇಕು. ಇಪ್ಪತ್ತಮೂರು. ಇನ್ನರ್ಧ ಇನ್ನೊಬ್ಬರು ತರ್ತಾರಲ್ಲ, ಅದಕ್ಕೆ. ಮೊದಲು ಜೋಡಿಗಳು ಪಕ್ಕಪಕ್ಕ ಬಂದು ನಿಲ್ತವೆ, ಚೂರುಪಾರು ಅದಲುಬದಲು ಮಾಡ್ಕೊಳ್ತವೆ. ಅದಕ್ಕೇ ಒಂದೇ ಮನೇಲಿ ಹುಟ್ಟಿದ್ರೂ ಇವನು ಇವನ ಥರ, ನಾನು ನನ್ನ ಥರ. ಆಮೇಲೆ ಪ್ರತಿ ಜೋಡಿಯಿಂದ ಒಂದು ಈ ಕಡೆ, ಒಂದು ಆ ಕಡೆ. ಇದಕ್ಕೆ ಮಿಯಾಸಿಸ್ ಅಂತೀವಿ. ಈಗ ನೀನು ಇವನ್ನ ಎರಡು ಪಾಲು ಮಾಡು. ಪ್ರತಿ ಪಾಲಿಗೂ ಒಂದು ನೀಲಿ, ಒಂದು ಬಿಳಿ ಬರ್ಬೇಕು. ಗುಂಡುಸೂಜಿ ತೆಗೆಯೋ ಹಾಗಿಲ್ಲ."

ಟೈಲರಮ್ಮ ಕೂಡಿಸಿದ್ದನ್ನು ಒಂದು ಕಡೆ ಇಟ್ಟಳು, ಬಿಡಿ ನೀಲಿ ಬಿಡಿ ಬಿಳಿ ಇನ್ನೊಂದು ಕಡೆ. "ಇದು ಸರಿಯಾಯ್ತು." ಮತ್ತೆ ಬಿಡಿ ನೀಲಿಯನ್ನು ಕೂಡಿಸಿದ್ದರ ಪಕ್ಕಕ್ಕೆ ಸರಿಸಿದಳು. "ಹೀಗಾದ್ರೆ ಇಲ್ಲಿ ನೀಲಿ ಜಾಸ್ತಿ, ಅಲ್ಲಿ ನೀಲೀನೇ ಇಲ್ಲ. ಒಂದು ಅಂಗಿಗೆ ಮೂರು ತೋಳು, ಇನ್ನೊಂದಕ್ಕೆ ಒಂದೇ."

"ಅಂಥದ್ದು ಹೆಚ್ಚು ದಿನ ನಿಲ್ಲಲ್ಲ. ಎರಡನೇ ತಿಂಗಳು, ಮೂರನೇ ತಿಂಗಳಿಗೆ ಹೋಗತ್ತೆ. ಹೊತ್ತವಳ ಹೊಟ್ಟೆ ಎಷ್ಟೇ ಗಟ್ಟಿಯಿದ್ರೂ ಹೋಗತ್ತೆ. ಅದು ಹೊಟ್ಟೆಯ ತಪ್ಪಲ್ಲ, ಪಾಲು ಮಾಡಿದ್ದರಲ್ಲಿ ಆದ ಎಡವಟ್ಟು."

"ಮೊದಲನೇ ಥರ ಸರಿಯಾಗೋದೂ ಇದೆಯಾ?"

"ಬೇಕಾದಷ್ಟಿದೆ. ಎಷ್ಟೋ ಜನಕ್ಕೆ ಇದು ಇರೋದೇ ಗೊತ್ತಾಗಲ್ಲ, ಮಕ್ಕಳು ಮರಿ ಆಗಿ ಸುಖವಾಗಿರ್ತಾರೆ. ನಾನು ಹುಟ್ಟಿಲ್ವಾ?"

ಅವಳು ಚೂರುಗಳನ್ನು ನೋಡುತ್ತಲೇ ಇದ್ದಳು. "ನಿಮಗಿದೆ, ಸರಿ. ನಂದು ನಲವತ್ತಾರು ಬಂತಲ್ಲ. ಹಾಗಾದ್ರೆ..." ಅಂದವಳು ತಲೆಯೆತ್ತಿ ಗಂಡನ ಕಡೆ ನೋಡಿದಳು.

ನಾನು ತುಟಿ ಬಿಚ್ಚಲಿಲ್ಲ. ಜೀವಮಾನದಲ್ಲಿ ನಾನು ಸುಮ್ಮನಿದ್ದ ಕೆಲವೇ ಗಳಿಗೆಗಳಲ್ಲಿ ಅದೂ ಒಂದು. ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ. ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಮುಂದೆ ಬಿಡಿಸಿದ.

"ನಂದೂ ಅಕ್ಕನ ಥರಾನೇ. ನಾಲ್ಕು ದಿನದಿಂದ ಚೀಲದಲ್ಲಿತ್ತು. ಹೇಳೋಕೆ ಧೈರ್ಯ ಆಗ್ಲಿಲ್ಲ. ತಪ್ಪಾಯ್ತು."

"ನಾಲ್ಕು ದಿನ ನಾನು ಗುಂಡಿ ಹೊಲೀತಾ ಕೂತಿದ್ದೆ" ಅಂದಳು ಟೈಲರಮ್ಮ. ಅಷ್ಟೇ ಅಂದದ್ದು. ಬೈದಿದ್ದರೆ ವಾಸಿಯಿತ್ತು ಎನ್ನುವ ಹಾಗಿತ್ತು ಅವನ ಮುಖ.

ಅಮ್ಮ ಎದ್ದು ಬಂದಳು. ಬಟ್ಟೆಯ ಚೂರುಗಳನ್ನು, ಎರಡು ಹಾಳೆಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ನಿಮ್ಮಿಬ್ರಿಗೂ ಇದೆ ಅಂದ್ರೆ, ಎಲ್ಲಿಂದ ಬಂತು?"

"ನಿನ್ನಿಂದ ಬಂದಿರ್ಬೇಕು, ಇಲ್ಲಾ ಅಪ್ಪನಿಂದ."

"ಅವರಿಂದ ಎಲ್ಲಿ ಬರತ್ತೆ. ನಂದೇ ಇರತ್ತೆ" ಅಂದಳು. ಕೂಡಿಸಿದ ಚೂರನ್ನು ಬೆರಳಿನಿಂದ ಸರಿಸುತ್ತ, "ನಿನಗೂ ಇವನಿಗೂ ನಡುವೆ ನಾಲ್ಕು ಹೋದವು. ನಿನಗೆ ಗೊತ್ತಿಲ್ಲ. ನಿಮ್ಮಜ್ಜಿ ನನ್ನನ್ನ ಹೆಸರು ಹಿಡಿದು ಕರೀತಾನೇ ಇರ್ಲಿಲ್ಲ. ಸೋರೋ ಕೊಡ ಅಂತಿದ್ರು."

ಆ ಮಾತು ಅವಳ ಬಾಯಿಂದ ಹೊರಬಿದ್ದ ಮೇಲೆ ಅವಳೇ ಒಮ್ಮೆ ಸೊಸೆಯ ಕಡೆ ನೋಡಿ ತಲೆ ತಗ್ಗಿಸಿದಳು. ಹದಿಮೂರು ವರ್ಷದ ಅಂತರದ ಬಗ್ಗೆ ನಾನು ಯಾವತ್ತೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

"ನಂದೂ ನೋಡು" ಎಂದು ಅಮ್ಮ ತೋಳು ಚಾಚಿದಳು. ಇಲ್ಲಿ ಆಗಲ್ಲಮ್ಮ, ಲ್ಯಾಬಿಗೆ ಬಾ ಅಂದೆ.

ಟೈಲರಮ್ಮ ಹಳೆಯ ಸೀರೆಯ ಗಂಟು ಬಿಗಿದಳು. "ಅತ್ತೆದು ಬರೋವರೆಗೆ ಇರ್ತೀನಿ. ಮಿಷನ್ ಹೀಗೇ ಇರ್ಲಿ."

ಮಾರನೆಯ ದಿನ ಅಮ್ಮ ಬಂದು ರಕ್ತ ಕೊಟ್ಟಳು. ಮೂರು ದಿನ ಬೆಳೆಸಿದ ಮೇಲೆ ನಾನು ಹನಿ ಬಿಟ್ಟೆ, ನನ್ನ ಎದೆಯ ಎತ್ತರದಿಂದ, ಯಾವತ್ತಿನಂತೆ. ನಲವತ್ತೈದೇ ಇರುತ್ತದೆ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೇ ಕೂತೆ. ಮೊದಲ ಕೋಶದಲ್ಲಿ ನಲವತ್ತಾರು. ಎರಡನೆಯದರಲ್ಲೂ ನಲವತ್ತಾರು. ಇಪ್ಪತ್ತು ಸಾಕಿತ್ತು, ನಾನು ಐವತ್ತು ಎಣಿಸಿದೆ. ಸಹೋದ್ಯೋಗಿಯೂ ಎಣಿಸಿದರು. ಎಲ್ಲವೂ ನಲವತ್ತಾರು, ಎಲ್ಲವೂ ಬಿಡಿಬಿಡಿ, ಒಂದೂ ಅಂಟಿಕೊಂಡಿಲ್ಲ.

ವರದಿ ಹಿಡಿದು ಹೋದೆ. ಅಮ್ಮ ಅದೇ ಕುರ್ಚಿಯಲ್ಲಿದ್ದಳು. ತಮ್ಮ, ಟೈಲರಮ್ಮ ಇಬ್ಬರೂ ಇದ್ದರು.

"ನಿಂದು ನಲವತ್ತಾರು ಅಮ್ಮ. ಪೂರ್ತಿ ಸರಿ ಇದೆ. ಅದು ಅಪ್ಪನಿಂದ ಬಂದಿದ್ದು."

ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಹೊರಟೆ. ಅಪ್ಪನದ್ದೂ ತಪ್ಪಲ್ಲ, ಅವರಿಗೂ ಯಾರಿಂದಲೋ ಬಂದಿರಬಹುದು, ಅಜ್ಜಿಯಿಂದಲೇ ಬಂದಿರಬಹುದು, ಯಾರೂ ಕೇಳಿ ಪಡೆದದ್ದಲ್ಲ ಎಂದೆಲ್ಲ. ಅಮ್ಮ ಕೈಯೆತ್ತಿ ಸಾಕು ಅಂದಳು. ಅವಳಿಗೆ ಅರ್ಥವಾಗಿತ್ತು. ಅಜ್ಜಿ ಹೋಗಿ ಮೂವತ್ತು ವರ್ಷ, ಅಪ್ಪ ಹೋಗಿ ಒಂಬತ್ತು ವರ್ಷ. ಈ ಕಾಗದವನ್ನು ಯಾರ ಮುಖಕ್ಕೆ ಹಿಡಿಯಬೇಕಿತ್ತೋ ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಎಪ್ಪತ್ತಾರು ವರ್ಷದ ನನ್ನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನ್ ತೆಗೆದುಕೊಂಡು ಚಿಕ್ಕಮ್ಮನಿಗೆ ಹಚ್ಚಿದಳು. ಕಿವಿ ಮಂದವಾದ್ದರಿಂದ ಅವಳು ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಗೂ ಕೇಳಿಸುತ್ತದೆ.

"ನಾನು ಕಣೆ. ಅವತ್ತು ನನ್ನ ಸೊಸೆಗೆ ಒಂದು ಮಾತಂದಿದ್ದೆನಲ್ಲ, ಸೋರೋ ಕೊಡ ಅಂತ. ಅದು ಸುಳ್ಳು. ನೀನು ಯಾರ್ಯಾರಿಗೆ ಹೇಳಿದ್ಯೋ ಅವರಿಗೆಲ್ಲ ಹೇಳು, ಸುಳ್ಳು ಅಂತ. ಅವಳದ್ದೇನೂ ಇಲ್ಲ." ಆ ಕಡೆಯಿಂದ ಚಿಕ್ಕಮ್ಮ ಏನೋ ಕೇಳಿದಳು. ಅಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ನಂದೂ ಏನೂ ಇರ್ಲಿಲ್ವಂತೆ ಕಣೆ."

ಟೈಲರಮ್ಮ ಕಿಟಕಿಯ ಹತ್ತಿರ ಹೋಗಿ ಸೀರೆಯ ಗಂಟು ಬಿಚ್ಚಿದಳು. "ಸ್ಕ್ರೂಡ್ರೈವರ್ ಎಲ್ಲಿಟ್ರಿ?" ಎಂದು ನನ್ನ ತಮ್ಮನನ್ನು ಕೇಳಿದಳು.